ಭರಮಣ್ಣನ ಹತ್ತು ಅಂಕಿ

ಗುಂಡಿ ಒತ್ತಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ನಮ್ಮೂರಿನವರು ಹೇಳುತ್ತಾರೆ, ಅವರು ಹೇಳಿದರೆ ಉಪ್ಪು ಖಾರ ಎರಡೂ ಹೆಚ್ಚು. ಬಸ್ ಸ್ಟ್ಯಾಂಡಿನ ಎದುರು, ಬೀಜ ಗೊಬ್ಬರದ ಅಂಗಡಿಯ ಮೇಲೆ ನನ್ನ ಮೊಬೈಲ್ ಅಂಗಡಿ ಇದೆ. ಒಡೆದ ಗಾಜು ಹಾಕಿಕೊಡುತ್ತೇನೆ, ಚಾರ್ಜರ್ ಮಾರುತ್ತೇನೆ. ಆದರೆ ಜನ ಬರುವುದು ಮುಖ್ಯವಾಗಿ ನಂಬರ್ ಕೂರಿಸಿಕೊಳ್ಳಲು. "ನೀಲಕ್ಕಾ, ನಮ್ಮ ಬೀಗರ ನಂಬರ್ ಕೂಡಿಸಿ ಕೊಡವಾ" ಎಂದು ಫೋನು ಚಾಚುತ್ತಾರೆ. ಬೀಗರು ಎಲ್ಲಿ ನಿಂತರು, ಎಲ್ಲಿ ನುಂಗಿದರು, ಎಲ್ಲಿ ಕೆಮ್ಮಿದರು ಎಲ್ಲ ನೆನಪು ಮಾಡಿಕೊಂಡು ಹೇಳುತ್ತಾರೆ. ನಾನು ಕೇಳಿಕೊಂಡು ಅಂಕಿಗಳ ನಡುವೆ ಜಾಗ ಬಿಡುತ್ತೇನೆ.

ನಮ್ಮೂರಿನಲ್ಲಿ ಬರೀ ಹತ್ತು ಅಂಕಿ ಗೊತ್ತಿದ್ದರೆ ಸಾಲದು. ನಂಬರಿನವರು ಅದನ್ನು ಹೇಳುವಾಗ ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳುತ್ತಾರೋ ಅಲ್ಲಲ್ಲಿ ಜಾಗ ಬಿಟ್ಟು ಬರೆದಿರಬೇಕು. ಹಾಗಿದ್ದರೆ ಆ ಕಡೆ ಗಂಟೆ ಬಾರಿಸುತ್ತದೆ. ಇಲ್ಲದಿದ್ದರೆ ಅರ್ಧ ನಿಮಿಷ ಮೌನ, ಆಮೇಲೆ ತಾನೇ ಕಡಿದುಹೋಗುತ್ತದೆ. ಅದೂ ಯಾರ ಎದುರಿಗೆ ಬಾಯಿಬಿಟ್ಟು ಹೇಳಿದ್ದಾರೋ ಅವರ ಫೋನಿನಿಂದ ಮಾತ್ರ. ಶಾಲೆಯ ಹೆಡ್ ಮಾಸ್ತರರದು ಮೂರು, ಮೂರು, ನಾಲ್ಕು. ಹೂವಿನ ಗಿರಿಜವ್ವನದು ಒಂದು, ಎಂಟು, ಒಂದು. ಅದು ಯಾಕೆ ಹಾಗೆ ಎಂದು ಅವಳನ್ನೇ ಕೇಳಬೇಕು. ಮದುವೆಯಾದ ಮೇಲೆ ಕೆಲವರ ಉಸಿರು ಬದಲಾಗುತ್ತದೆ, ಹಲ್ಲು ಕಟ್ಟಿಸಿಕೊಂಡ ಮೇಲೂ ಬದಲಾಗುತ್ತದೆ. ಅದಕ್ಕೇ ಸುಗ್ಗಿ ಮುಗಿದ ವಾರ ಎಲ್ಲರೂ ಮನೆಮನೆಗೆ ಹೋಗಿ ತಮ್ಮ ನಂಬರ್ ಹೇಳಿಬರುತ್ತಾರೆ. ಹೇಳಿದವರಿಗೆ ಬೆಲ್ಲ, ನೀರು. ನಂಬರ್ ಹೇಳಲು ಬರಲಿಲ್ಲ ಎಂದರೆ ಆ ಮನೆಯೊಂದಿಗೆ ಮಾತು ಬಿಟ್ಟಂತೆ.

ಆ ವಾರ ಫೋನಿನಲ್ಲಿ ಹೆಸರು ನಂಬರು ಇಡುವ ಆ್ಯಪು ಹೊಸ ಅವತಾರದಲ್ಲಿ ಬಂದಿತ್ತು. ಎಲ್ಲೋ ದೂರ ಕೂತು ಅದನ್ನು ಮಾಡಿದವರಿಗೆ ನಮ್ಮೂರಿನ ಉಸಾಬರಿ ಏನು ಗೊತ್ತು? ಶನಿವಾರ ಬೆಳಿಗ್ಗೆ ಹೊಳೆ ಕಾಯುವ ತಿಪ್ಪವ್ವ ತನ್ನ ಫೋನು ತಂದುಕೊಟ್ಟು, "ಒಬ್ಬೊಬ್ಬರ ಹೆಸರು ಮೂರ್ ಮೂರ್ ಸಲ ಬರಾಕತ್ತೈತಿ, ಏನಾರ ಮಾಡವಾ" ಎಂದು ಹೋದಳು. ತೆರೆದು ನೋಡಿದರೆ ಹುಲ್ಲಿನ ಬಣವೆಯೇ. ನನಗೋ ಅಚ್ಚುಕಟ್ಟಿನ ಚಟ. ಅಂಗಡಿಯ ವೈರುಗಳನ್ನೂ ಜಡೆ ಹೆಣೆದಂತೆ ಹೆಣೆದಿಡುವವಳು ನಾನು. ಎರಡೆರಡು ಇದ್ದ ಹೆಸರುಗಳನ್ನು ಅಳಿಸಿದೆ, ಹಳೆಯ ಪ್ರತಿ ಜಾಗ ತಿನ್ನುತ್ತದೆಂದು ಅದನ್ನೂ ಅಳಿಸಿದೆ. ಕೊನೆಗೆ ಕೆಳಗೊಂದು ಗುಂಡಿ ಕಂಡಿತು: ಎಲ್ಲ ನಂಬರ್‌ಗಳನ್ನು ಒಂದೇ ರೀತಿ ಜೋಡಿಸಿ. ಬರೀ ತೋರಿಕೆಗೆ ಇರಬೇಕು, ಒಳಗಿನದು ಹಾಗೇ ಇರುತ್ತದೆ ಎಂದುಕೊಂಡು ಒತ್ತಿದೆ. ಐದು, ಐದು. ಐದು, ಐದು. ಮೇಲಿನಿಂದ ಕೆಳಗಿನವರೆಗೆ ಎಲ್ಲವೂ ಸಾಲಾಗಿ ನಿಂತವು. ಎಷ್ಟು ಚೆಂದ ಕಾಣುತ್ತದಲ್ಲ ಎಂದು ಒಂದು ಗಳಿಗೆ ನೋಡುತ್ತಾ ಕೂತೆ. ನಾಚಿಕೆಗೇಡು, ಆದರೂ ನಿಜ ಹೇಳುತ್ತಿದ್ದೇನೆ. ಮಧ್ಯಾಹ್ನ ತಿಪ್ಪವ್ವ ಬಂದು ಫೋನು ಒಯ್ದಳು.

ತಿಪ್ಪವ್ವನ ಕೆಲಸ ಏನೆಂದು ಹೇಳಬೇಕು. ಊರ ಕೆಳಗೆ ಹೊಳೆ ಹಗಲೆಲ್ಲ ಒಣಗಿರುತ್ತದೆ. ಗುಡ್ಡದ ಆಚೆ ಕಟ್ಟೆ ಇದೆ. ದಿನಾ ನಾಲ್ಕು ಗಂಟೆಗೆ ಅಲ್ಲಿ ಬಾಗಿಲು ಎತ್ತಿ ಕೆಳಗಿನ ಹಳ್ಳಿಗಳಿಗೆ ನೀರು ಬಿಡುತ್ತಾರೆ. ನೀರು ಬರುವವರೆಗೆ ಹೆಂಗಸರು ಹೊಳೆಯ ನಡುವಿನ ದಿಬ್ಬದಲ್ಲಿ ಚಾಪೆಗೆಂದು ಜೊಂಡು ಕೊಯ್ಯುತ್ತಾರೆ. ತಮ್ಮ ಫೋನುಗಳನ್ನು ಕೆಸರಿಗೆ ಬಿದ್ದಾವೆಂದು ತಿಪ್ಪವ್ವನ ಬುಟ್ಟಿಯಲ್ಲಿ ಇಟ್ಟುಹೋಗುತ್ತಾರೆ, ಮೂರಕ್ಕೆಲ್ಲ ದಡಕ್ಕೆ ಬಂದುಬಿಡುತ್ತಾರೆ. ತಡವಾದ ದಿನ ತಿಪ್ಪವ್ವ ಕಟ್ಟೆಯವನಿಗೆ ಫೋನು ಮಾಡಿ "ತಡಿ" ಎನ್ನಬೇಕು. ಫೋನು ಬರದಿದ್ದರೆ ಹೊಳೆ ಖಾಲಿ ಎಂದು ಅವನು ಬಾಗಿಲು ಎತ್ತುತ್ತಾನೆ. ಇದು ಉಲ್ಟಾ ಇರಬೇಕಿತ್ತು ಎಂದು ಈಗ ಎಲ್ಲರೂ ಬುದ್ಧಿ ಹೇಳುತ್ತಾರೆ. ಮೊದಲು ಯಾರೂ ಹೇಳಿರಲಿಲ್ಲ.

ಆ ಕಟ್ಟೆಯವನು ನನ್ನ ಸ್ವಂತ ಅಣ್ಣ, ಭರಮಣ್ಣ. ನಾಲ್ಕು ವರ್ಷದಿಂದ ನಮ್ಮಿಬ್ಬರಿಗೆ ಮಾತಿಲ್ಲ. ಅವ್ವ ತೀರಿಕೊಂಡ ಮೇಲೂ ಅವಳ ನಂಬರನ್ನು ನಾನು ದಿನಾ ಒತ್ತುತ್ತಿದ್ದೆ. ಉಸಿರು ನಿಂತವರ ಫೋನು ಗಂಟೆ ಬಾರಿಸುವುದಿಲ್ಲ ಎಂದು ಗೊತ್ತಿದ್ದೂ ಆ ಅರ್ಧ ನಿಮಿಷದ ಮೌನ ಕೇಳುತ್ತಾ ಕೂರುತ್ತಿದ್ದೆ. ಭರಮಣ್ಣ ನನ್ನನ್ನೊಂದು ಮಾತು ಕೇಳದೆ ಆ ಸಿಮ್ ವಾಪಸು ಕೊಟ್ಟುಬಂದ. ಮರುವಾರ ನಾನು ಒತ್ತಿದರೆ ಹಲೋ ಎಂದಿದ್ದು ಬಳೆ ಮಾರುವ ಯಾರೋ ಒಬ್ಬ ಹೆಂಗಸು. ಹೊಸಬಳು, ನಮ್ಮೂರಿನ ರೀತಿ ತಿಳಿಯದವಳು, ನನ್ನೆದುರು ಎಂದೂ ನಂಬರ್ ಹೇಳದವಳು, ಅವಳಿಗೆ ಹೇಗೆ ಅವ್ವನ ಉಸಿರೇ ಬಂದಿತ್ತೋ ಆ ದೇವರೇ ಬಲ್ಲ. ನಾನು ಕಟ್ಟೆಗೆ ಹೋಗಿ ಭರಮಣ್ಣನಿಗೆ ಬಾಯಿಗೆ ಬಂದಂತೆ ಅಂದೆ. ಅವನೂ ಬಿಡಲಿಲ್ಲ. "ಉಸರ ಇಲ್ಲದ ನಂಬರ್ ಇಟಗೊಂಡು ಏನ ಪೂಜಿ ಮಾಡತೀಯೇನು?" ಎಂದ. ಅಂದಿನಿಂದ ಸುಗ್ಗಿಯ ವಾರ ಅವನು ನನ್ನ ಮನೆಗೆ ಬರಲಿಲ್ಲ, ನಾನು ಅವನಲ್ಲಿಗೆ ಹೋಗಲಿಲ್ಲ. ಎರಡು ಮೂರು ಸಲ ಅವನು ಬಸ್ ಸ್ಟ್ಯಾಂಡಿನಲ್ಲಿ ಓಡಾಡಿದ್ದು ಗೊತ್ತಾಯಿತು. ಇಷ್ಟು ಹತ್ತಿರ ಬಂದೂ ಅಂಗಡಿಗೆ ಬಾರದವನ ಸೊಕ್ಕು ಎಷ್ಟಿರಬೇಡ ಎಂದು ಉರಿದುಕೊಂಡಿದ್ದೆ.

ಆ ಶನಿವಾರ ಮೂರು ಇಪ್ಪತ್ತಕ್ಕೆ ತಿಪ್ಪವ್ವ ಏದುಸಿರು ಬಿಡುತ್ತಾ ನನ್ನ ಅಂಗಡಿಗೆ ಏರಿಬಂದಳು. ಸೆರಗು ಹೆಗಲ ಮೇಲಿರಲಿಲ್ಲ, ಫೋನನ್ನು ನನ್ನ ಮುಂದೆ ಚಾಚಿದಳು.

"ಏನ್ ಮಾಡಿದಿ ನೀಲಾ ಇದಕ್ಕ? ಭರಮಣ್ಣಗ ಹತ್ತವಲ್ಲದು! ಐದ್ ಸಲ ಹಚ್ಚಿದೆ, ಸುಮ್ಮ ಇರತೈತಿ, ಕಡದ್ ಹೋಗತೈತಿ."

"ಹೆಂಗಸರು?"

"ಸನೇದ್ದು ಜೊಂಡು ಮುಗದೈತಿ ಅಂತ ಇವತ್ತ ಹೊಳಿ ತಿರುವಿನ ಆಚಿ ದಿಬ್ಬಕ್ಕ ಹೋಗ್ಯಾರ. ಹನ್ನೊಂದು ಮಂದಿ. ಒದರಿದರ ಕೇಳಂಗಿಲ್ಲ, ನಡದ ಬರಾಕ ಮುಕ್ಕಾಲ ತಾಸು ಬೇಕು."

ಫೋನು ಕಿತ್ತುಕೊಂಡು ಭರಮಣ್ಣನ ಹೆಸರು ತೆರೆದೆ. ಐದು, ಐದು. ತೋರಿಕೆಯಲ್ಲ, ಒಳಗೂ ಹಾಗೇ ಕೂತುಬಿಟ್ಟಿತ್ತು. ಹಿಂದಕ್ಕೆ ತರುವ ಗುಂಡಿಯೇ ಇಲ್ಲ. ಹಳೆಯ ಪ್ರತಿಯನ್ನು ಬೆಳಿಗ್ಗೆ ನನ್ನ ಕೈಯಾರೆ ಅಳಿಸಿದ್ದೆ. ಕಟ್ಟೆಗೆ ಗುಡ್ಡ ಸುತ್ತಿ ಹೋಗುವ ದಾರಿ ಮೋಟರ್ ಸೈಕಲ್ಲಿಗೂ ಒಂದು ತಾಸು. ನಮ್ಮ ಜಗಳವಾದ ಮೇಲೆ ಭರಮಣ್ಣ ಯಾರ ಮನೆಗೂ ನಂಬರ್ ಹೇಳಲು ಹೋಗಿರಲಿಲ್ಲ. ಅವನ ನಂಬರು ಊರಿನಲ್ಲಿ ತಿಪ್ಪವ್ವನನ್ನು ಬಿಟ್ಟರೆ ನೀರಾವರಿ ಕಚೇರಿಯ ಫೋನಿನಲ್ಲಿ ಮಾತ್ರ ಇತ್ತು, ಕಚೇರಿಗೆ ಅವತ್ತು ಬೀಗ. ಬಾಗಿಲು ಎತ್ತಿದ ಹತ್ತೇ ನಿಮಿಷಕ್ಕೆ ನೀರು ಆ ದಿಬ್ಬಕ್ಕೆ ಬಂದು ಬಡಿಯುತ್ತದೆ.

"ಅಳಬ್ಯಾಡ ಸುಮ್ನಿರು. ನಮ್ಮಣ್ಣನ ಉಸರ ನನಗ ಗೊತ್ತಿಲ್ಲೇನು?" ಎಂದೆ.

ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಗರಡಿಯಲ್ಲಿ ಬೆಳೆದ ದೇಹ, ಮಡುವಿನಲ್ಲಿ ಮುಳುಗಿದರೆ ದಡದವರು ಗಾಬರಿಯಾಗಿ ಹೆಸರು ಹಿಡಿದು ಕೂಗುವ ತನಕ ಮೇಲೆ ಬರುತ್ತಿರಲಿಲ್ಲ. ಹತ್ತು ಅಂಕಿಯನ್ನೂ ಒಂದೇ ಉಸಿರಿಗೆ ಹೇಳುವವನು ನಮ್ಮೂರಿನಲ್ಲಿ ಅವನೊಬ್ಬನೇ. ಅವನ ನಂಬರಿನಲ್ಲಿ ಎಲ್ಲೂ ಜಾಗವೇ ಇಲ್ಲ. ನಡುವಿನ ಜಾಗ ಅಳಿಸಿ ಹತ್ತನ್ನೂ ಒತ್ತಟ್ಟಿಗೆ ಕೂರಿಸಿ ಒತ್ತಿದೆ. ಕಿವಿಗೆ ಇಟ್ಟುಕೊಂಡು ಗೋಡೆಯ ಗಡಿಯಾರ ನೋಡುತ್ತಾ ನಿಂತೆ. ಅರ್ಧ ನಿಮಿಷ ಮೌನ. ಕಡಿದುಹೋಯಿತು. ಮತ್ತೆ ಒತ್ತಿದೆ. ಮತ್ತೆ ಅದೇ.

ಅಷ್ಟರಲ್ಲಿ ಸುದ್ದಿ ಹಬ್ಬಿ ಮಂದಿ ಮೇಲೆ ಬಂದಿದ್ದರು. ಮುಂದೆ ಇದ್ದವನು ಜಟ್ಟೆಪ್ಪ, ಕೆಳಗಿನ ಅಂಗಡಿಯಲ್ಲಿ ಚೀಲ ಹೊರುವವನು. ಅವನ ಹೆಂಡತಿ ರೇಣವ್ವ ಹೊಳೆಯಲ್ಲಿದ್ದಳು.

"ಒಂದು ಜಾಗ ಇರಬೇಕು, ವಯಸ್ಸಾತಲ್ಲ ಅವಗೂ," ಎಂದು ನಾನು ಯಾರಿಗೋ ಸಮಾಧಾನ ಹೇಳುವಂತೆ ಹೇಳಿ, ಮೊದಲ ಅಂಕಿಯ ಮುಂದೆ ಜಾಗ ಬಿಟ್ಟು ಒತ್ತಿದೆ. ಮೌನ. ಎರಡರ ಮುಂದೆ. ಮೌನ. ಮೂರರ ಮುಂದೆ. ಹೀಗೆ ಕೊನೆಯವರೆಗೆ ಹೋದರೂ ಆ ಕಡೆ ಏನೂ ಇಲ್ಲ. ಮೂರು ಇಪ್ಪತ್ತೇಳು. ಎರಡು ಜಾಗ ಎಂದು ಶುರು ಮಾಡಿದೆ. ನನ್ನ ಕಸುಬೇ ಇದು, ಲೆಕ್ಕ ನನಗೆ ಬಾಯಿಪಾಠ. ಎರಡು ಜಾಗ ಬಿಡುವ ರೀತಿ ಮೂವತ್ತಾರು. ಎಲ್ಲ ರೀತಿ ಸೇರಿಸಿದರೆ ಐನೂರ ಹನ್ನೆರಡು. ನಾಲ್ಕು ಗಂಟೆಯೊಳಗೆ ಅರವತ್ತು ಮೀರಿ ಒತ್ತಲು ಆಗುವುದಿಲ್ಲ. ಇದನ್ನು ಯಾರಿಗೂ ಹೇಳಲಿಲ್ಲ.

"ಅಲ್ಲ ನೀಲಕ್ಕ, ಒಡಹುಟ್ಟಿದವನ ಉಸರು ತಿಳೀದಂಗ ಅದೆಂಥಾ ಸಿಟ್ಟು ನಿಂದು?" ಎಂದ ಜಟ್ಟೆಪ್ಪ. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸಿ ಬಯ್ದು ಹಗುರಾಗುತ್ತಿದ್ದೆ. "ನಿಮ್ಮಿಬ್ಬರ ಜಗಳದಾಗ ನನ್ನ ಹೇಣ್ತಿ ಯಾಕ ಮುಳಗಬೇಕು ಹೇಳು."

ಎರಡು, ನಾಲ್ಕು, ನಾಲ್ಕು ಎಂದು ಒತ್ತಿದೆ. ಮೌನ. ಜಟ್ಟೆಪ್ಪ ಚಪ್ಪಲಿ ಬಿಟ್ಟು, ಪಂಚೆ ಮೇಲೆ ಕಟ್ಟಿ, "ನೀ ಹಚ್ಚತಿರು. ನಾ ಹೋಗತೀನಿ" ಎಂದವನೇ ದಡದಡ ಇಳಿದುಹೋದ. ಕಿಟಕಿಯಿಂದ ನೋಡಿದೆ. ದಡ ಹಾರಿ, ಬಿಳಿ ಮರಳಿನ ಮೇಲೆ ಓಡುತ್ತಾ ತಿರುವಿನ ಕಡೆ ಹೋದ. ಮೂರು ಮೂವತ್ತೆಂಟು. ಓಡಿದರೂ ದಿಬ್ಬ ಮುಟ್ಟುವುದು ನಾಲ್ಕಕ್ಕೆ, ಅಲ್ಲಿಂದ ಎಲ್ಲರೂ ಈಚೆ ಬರುವ ಮಾತೇ ಇಲ್ಲ. ಈಗ ಹೊಳೆಯಲ್ಲಿ ಹನ್ನೆರಡು ಮಂದಿ.

ನನ್ನ ಬೆರಳು ಬೆವರಿ ಗಾಜಿನ ಮೇಲೆ ಜಾರುತ್ತಿತ್ತು. ಸೀರೆಗೆ ಒರೆಸಿಕೊಂಡು ಒತ್ತುವುದು, ಕಿವಿಗೆ ಇಡುವುದು, ಕಾಯುವುದು. ಕಾಯುವ ಆ ಅರ್ಧ ನಿಮಿಷ ನನಗೆ ಹೊಸದಾಗಿರಲಿಲ್ಲ. ಅವ್ವನ ನಂಬರ್ ಹಿಡಿದು ಕೂತ ದಿನಗಳಲ್ಲಿ ಅದು ಅಭ್ಯಾಸವಾಗಿತ್ತು. ಅದೇ ನೆನಪಾಯಿತು. ಇವನಿಗೇನಾದರೂ ಆಗಿದ್ದರೆ? ಥೂ, ಬಿಡ್ತು ಅನ್ನು ಎಂದು ನನ್ನನ್ನೇ ಬಯ್ದುಕೊಂಡೆ. ಅವನಿಗೆ ಏನಾದರೂ ಆಗಿದ್ದರೆ ಬಾಗಿಲು ಎತ್ತುವವರೂ ಇರುವುದಿಲ್ಲ, ಹೊಳೆಯವರು ಉಳಿಯುತ್ತಾರೆ ಎಂದು ಒಂದು ಯೋಚನೆ ಬಂತು. ಬಂತಲ್ಲ ಎಂದು ಕೆನ್ನೆ ಬಡಿದುಕೊಂಡೆ. ಮೂವತ್ತಾರೂ ಮುಗಿದವು. ಮೂರು ನಲವತ್ತೇಳು.

ಫೋನನ್ನು ಮೇಜಿನ ಮೇಲಿಟ್ಟು ತಿಪ್ಪವ್ವನ ಭುಜ ಹಿಡಿದು ಅಲುಗಾಡಿಸಿದೆ. "ಯಾವಾಗ ಹೇಳಿದ್ದ ನಿನಗ? ಸುಗ್ಗ್ಯಾಗ?"

ಅವಳು ಮುಖ ತಿರುಗಿಸಿದಳು.

"ತಿಪ್ಪವ್ವಾ, ಹನ್ನೆರಡು ಜೀವ ಅದಾವ!"

"ಸುಗ್ಗ್ಯಾಗ ಹೇಳಿದ್ದು ಬ್ಯಾರೆ," ಎಂದಳು ಕೊನೆಗೆ. "ಅದು ಆಮ್ಯಾಲ ಹತ್ತಲಿಲ್ಲ. ಎರಡ ತಿಂಗಳ ಹಿಂದ ಅವನ ಬಂದು ಹೊಸದಾಗಿ ಹೇಳಿ ಹ್ವಾದ. ತಂಗಿಗೆ ಹೇಳಬ್ಯಾಡ ಅಂತ ನನ್ನ ಕಡೆ ಆಣಿ ಹಾಕಿಸಿಕೊಂಡ."

"ಏನಂತ ಹೇಳಬ್ಯಾಡ?"

"ಬಂದಿದ್ದೆ ಅಂತ. ಹೆಂಗ ಬಂದಿದ್ದೆ ಅಂತ." ಅವಳು ಅಳಲು ಶುರುಮಾಡಿದಳು. "ಹೊಳಿ ದಂಡಿ ಮ್ಯಾಲಿನ ಕಲ್ಲಿನ ಮ್ಯಾಲ ಕುಂತು ಹೇಳಿದ. ನನ್ನ ಕೈಲೆ ಅವನ ಮಾರಿ ನೋಡಾಕ ಆಗಲಿಲ್ಲ, ಬಗ್ಗಿ ಫೋನಾಗ ಒತ್ತಿದೆ. ನನ್ನ ಎಲಿ ಅಡಿಕಿ ಅಗದು ಮುಗೀತು, ಅವನ ನಂಬರ್ ಮುಗೀಲಿಲ್ಲ ನೀಲಾ."

ಆಗಲೇ ನನಗೆ ಗೊತ್ತಾಯಿತು. ಗೊತ್ತಾಯಿತು ಎಂದು ಎಲ್ಲರಿಗೂ ಗೊತ್ತಾಯಿತು, ಎಲ್ಲರೂ ನನ್ನ ಬೆರಳನ್ನೇ ನೋಡುತ್ತಿದ್ದರು. ಆದರೆ ನಾನು ಏನು ಮಾಡಿದೆ ಗೊತ್ತೇ? ಮೂರು ಜಾಗ ಬಿಟ್ಟು ಒತ್ತಿದೆ. ಮೌನ. ನಾಲ್ಕು ಜಾಗ ಬಿಟ್ಟು ಒತ್ತಿದೆ. ಎರಡು, ಎರಡು, ಎರಡು, ಎರಡು, ಎರಡು. ಅಷ್ಟಾದರೂ ಇರಲಿ, ಎರಡೆರಡಾದರೂ ಇರಲಿ ಎಂದು. ಹೊಳೆಯಲ್ಲಿ ಹನ್ನೆರಡು ಮಂದಿಯನ್ನು ಇಟ್ಟುಕೊಂಡು ನಾನು ನನ್ನ ಅಣ್ಣನಿಗಾಗಿ ಒಂದೊಂದು ಅಂಕಿ ಚೌಕಾಸಿ ಮಾಡುತ್ತಿದ್ದೆ. ಮೂರು ಐವತ್ತು. ಐವತ್ತೊಂದು.

"ನೀಲಾ, ಹಚ್ಚು," ಎಂದಳು ತಿಪ್ಪವ್ವ ಮೆಲ್ಲಗೆ.

ಹತ್ತು ಅಂಕಿ. ಪ್ರತಿ ಎರಡರ ನಡುವೆಯೂ ಜಾಗ ಬಿಟ್ಟೆ. ಒಂಬತ್ತು ಸಲ ಬಿಡುವಾಗ ಒಂಬತ್ತು ಸಲ ಕೈ ನಿಂತಿತು. ಒತ್ತಿ ಕಿವಿಗೆ ಇಟ್ಟೆ.

ಗಂಟೆ ಬಾರಿಸಿತು.

ಹಿಂದೆ ನಿಂತ ಮಂದಿ ಹೋ ಎಂದರು, ಯಾರೋ ದೇವರ ಹೆಸರು ಹೇಳಿದರು. ನನಗೆ ಮಾತ್ರ ಆ ಗಂಟೆ ಬಾರಿಸದಿದ್ದರೆ ಚೆನ್ನಾಗಿತ್ತು ಎನಿಸಿತು. ಹಾಗೆ ಎನಿಸಿದ್ದು ಪಾಪವೇ ಇರಬಹುದು. ಆದರೆ ಎನಿಸಿತು. ಅದು ಬಾರಿಸುತ್ತಲೇ ಇತ್ತು, ಅವನು ಎತ್ತಲಿಲ್ಲ. ಚಕ್ರದ ಹತ್ತಿರ ಹೋಗಿಬಿಟ್ಟಿದ್ದಾನೋ, ಫೋನು ಗುಡಿಸಲಿನಲ್ಲಿದೆಯೋ. ಒಂದು ಸಲ ಪೂರ್ತಿ ಬಾರಿಸಿ ನಿಂತಿತು. ಮತ್ತೆ ಒತ್ತಿದೆ. ಮೂರು ಐವತ್ತಮೂರು, ಐವತ್ತನಾಲ್ಕು. ಮೂರನೇ ಸಲ ಎತ್ತಿದ.

"ಹೇಳು... ತಿಪ್ಪವ್ವಾ..."

ಆ ದನಿಯನ್ನು ನಾನು ದಾರಿಯಲ್ಲಿ ಕೇಳಿದ್ದರೆ ಗುರುತು ಹಿಡಿಯುತ್ತಿರಲಿಲ್ಲ. "ತಿಪ್ಪವ್ವ ಅಲ್ಲ, ನಾ ನೀಲಾ. ಬಾಗಲಾ ಎತ್ತಬ್ಯಾಡಣ್ಣಾ. ಹೊಳ್ಯಾಗ ಹನ್ನೆರಡು ಮಂದಿ ಅದಾರ. ಕೇಳಿಸ್ತೇನು? ಎತ್ತಬ್ಯಾಡ!"

ಆ ಕಡೆಯಿಂದ ಬರೀ ಉಸಿರು. ಒಳಗೆ ಹೋಗಲು ಒದ್ದಾಡಿ, ಹೊರಗೆ ಬರಲು ಒದ್ದಾಡಿ.

"ಎತ್ತಂಗಿಲ್ಲ," ಎಂದ. ಆ ಒಂದು ಮಾತಿಗೆ ಎರಡು ಸಲ ನಿಂತ.

ಮಂದಿ ಧಡಧಡ ಇಳಿದು ಹೊಳೆಯ ಕಡೆ ಓಡಿದರು. ತಿಪ್ಪವ್ವ ನೆಲದ ಮೇಲೆ ಕುಸಿದು ಕೂತಳು. ನಾನು ಫೋನು ಬಿಡಲಿಲ್ಲ, ಅವನೂ ಇಡಲಿಲ್ಲ. ಬಯ್ಯಬೇಕೆಂದು ಬಾಯಿ ತೆರೆದೆ. ನನಗೆ ಬರುವುದು ಅದೊಂದೇ ತಾನೇ.

"ಎಷ್ಟ ದಿನ ಆತು ಹಿಂಗಾಗಿ? ಊರಿಗೆ ಬಂದು ಓಡ್ಯಾಡಿ ಹೋಗತಿ, ನನ್ನ ಅಂಗಡಿಗೆ ಬಂದು ಒಂದ್ ಮಾತ ಹೇಳಾಕ ನಿನಗೇನ್ ಧಾಡಿ ಆಗಿತ್ತು?"

ಅವನು ಉಸಿರು ಕೂಡಿಸಿಕೊಂಡ. ಆಮೇಲೆ ಒಂದೊಂದೇ ಮಾತು ಬಂತು. "ಮೂರ್ ಸಲ... ಬಂದಿದ್ದೆ... ಮೆಟ್ಟಲ ತನಕ... ಹದಿನೆಂಟು... ಅದಾವಲ್ಲ."

ನಾನು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡೆ. ಅವನಿಗೆ ನಾನು ಅಳುವುದು ಕೇಳಬಾರದಿತ್ತು. ಕೇಳಿರಬೇಕು, ಏಕೆಂದರೆ ಅವನು ನಕ್ಕ, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲೇ ಇಲ್ಲ.

ನಾಲ್ಕು ಇಪ್ಪತ್ತಕ್ಕೆ ತಿರುವಿನಲ್ಲಿ ಜೊಂಡಿನ ಹೊರೆಗಳು ಕಂಡವು. ಮುಂದೆ ರೇಣವ್ವ, ಅವಳ ಹೊರೆ ಜಟ್ಟೆಪ್ಪನ ತಲೆಯ ಮೇಲೆ. ಅವರು ದಡ ಹತ್ತಿದ ಮೇಲೆ ಕಿಟಕಿಯಲ್ಲಿ ನಿಂತು ಎಣಿಸಿದೆ, ಮತ್ತೆ ಎಣಿಸಿದೆ, ಹನ್ನೆರಡೂ ಇದ್ದರು. "ಎಲ್ಲಾರೂ ದಂಡಿಗಿ ಬಂದ್ರು ಅಣ್ಣಾ," ಎಂದೆ.

"ಹಂಗಾರ... ಎತ್ತತೀನಿ... ಕೆಳಗಿನ ಊರವರು... ಬಯ್ಯತಾರ."

"ಬಯ್ಯಲಿ. ಆ ಚಕ್ರ ಮುಟ್ಟಿದಿ ಅಂದ್ರ ನೋಡು. ನಾ ಬರತೀನಿ."

"ನಿನಗ... ಬರತೈತೇನು... ತಿರುಗಸಾಕ?"

"ಕಲಿಸು."

ಜಟ್ಟೆಪ್ಪ ಹೊರೆ ಇಳಿಸಿ ಮೋಟರ್ ಸೈಕಲ್ ತೆಗೆದ. ದಾರಿಯುದ್ದಕ್ಕೂ ಅವನು ನನಗೆ ಬಯ್ಯಲಿಲ್ಲ, ನಾನೂ ತಪ್ಪಾಯಿತು ಎನ್ನಲಿಲ್ಲ. ಆ ಮಾತನ್ನು ಮರುದಿನ ಹನ್ನೊಂದು ಮನೆಯ ಬಾಗಿಲಿಗೆ ಹೋಗಿ ಹೇಳಿದೆ. ಒಂದೆರಡು ಮನೆಯಲ್ಲಿ ಬೆಲ್ಲ ಕೊಟ್ಟರು, ಉಳಿದ ಕಡೆ ಕೊಡಲಿಲ್ಲ.

ಕಟ್ಟೆ ಮುಟ್ಟಿದಾಗ ಆರು ಗಂಟೆ. ಭರಮಣ್ಣ ಗುಡಿಸಲಿನ ಮುಂದೆ ಗೋಣಿಚೀಲದ ಮೇಲೆ ಎರಡೂ ಕೈ ಊರಿಕೊಂಡು ಕೂತಿದ್ದ. ಎದೆ ಮಾತ್ರ ದೊಡ್ಡದಾಗಿ ಉಳಿದಿತ್ತು, ಉಳಿದ ಮೈ ಇಷ್ಟೇ ಇಷ್ಟಾಗಿತ್ತು. ನನ್ನನ್ನು ನೋಡಿ ಏಳಲು ಹೋದ. ನಾನು ಭುಜ ಒತ್ತಿ ಕೂರಿಸಿದೆ. ಮಾತಾಡಿಸಿದರೆ ಅವನಿಗೆ ಕಷ್ಟ. ಚಕ್ರ ತೋರಿಸಿದ. ಇಪ್ಪತ್ನಾಲ್ಕು ಸುತ್ತು ಬೇಕು, ಒಂದು ಕಡಿಮೆಯಾದರೂ ಕೊನೆಯ ಹಳ್ಳಿಗೆ ನೀರು ಮುಟ್ಟುವುದಿಲ್ಲ, ಒಂದು ಹೆಚ್ಚಾದರೆ ಆ ಹಳ್ಳಿಗಳ ಕಾಲುವೆ ಒಡೆಯುತ್ತದೆ ಎಂದು ಬೆರಳಿನಲ್ಲೇ ತಿಳಿಸಿದ. ಎಣಿಸುವುದು ತನ್ನ ಕೆಲಸ ಎಂದು ಎದೆ ಮುಟ್ಟಿ ತೋರಿಸಿದ. ಬೇಡ, ನಾನೇ ಎಣಿಸುತ್ತೇನೆ ಎಂದರೆ ಕೇಳಲಿಲ್ಲ. ಆ ಹಟ ಒಂದು ಹಾಗೇ ಇತ್ತು.

ಅವನಿಗೆ ಬೆನ್ನು ಮಾಡಿ ಚಕ್ರ ಹಿಡಿದೆ. ಅವನು ಹೇಳುವ ತನಕ ಮುಂದಿನ ಸುತ್ತು ಹಾಕಬಾರದು. "ಒಂದು," ಎಂದ. ತಿರುಗಿಸಿದೆ. ನಿಂತೆ. ಅವನ ಉಸಿರು ಕೇಳುತ್ತಿತ್ತು. "ಎರಡು." ಕಬ್ಬಿಣ ಕಿರುಗುಟ್ಟಿತು, ಕೆಳಗೆ ಎಲ್ಲೋ ನೀರು ಜಿನುಗುವ ಸದ್ದು ಶುರುವಾಯಿತು. ಐದು, ಆರು, ಏಳು. ಪ್ರತಿಯೊಂದರ ನಡುವೆ ಹಿಂದಿನದಕ್ಕಿಂತ ಹೆಚ್ಚು ಹೊತ್ತು. ನನ್ನ ಅಂಗೈ ಕಿತ್ತುಬಂದಿತ್ತು. ಹನ್ನೆರಡು. ಹದಿಮೂರು. ಹದಿನಾಲ್ಕು ಎಂದ ಮೇಲೆ ಹಿಂದಿನಿಂದ ಏನೂ ಕೇಳಲಿಲ್ಲ. ದನಿಯೂ ಇಲ್ಲ, ಉಸಿರೂ ಇಲ್ಲ, ನೀರಿನ ಸದ್ದು ಎಲ್ಲವನ್ನೂ ನುಂಗಿತ್ತು. ತಿರುಗಿ ನೋಡಲು ನನಗೆ ಧೈರ್ಯ ಬರಲಿಲ್ಲ. ಚಕ್ರವನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತೆ. ಎಷ್ಟು ಹೊತ್ತೋ ತಿಳಿಯದು.

"ಹದಿನೈದು," ಎಂದ.

ನಾನು ತಿರುಗಿಸಿದೆ.